‘ಸ್ಕ್ರ್ಯಾಂಬ್ಲಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸ್ಕಾಟ್ಲೆಂಡಿನ ಹೈಲ್ಯಾಂಡ್ ಬೆಟ್ಟಗಳ ಬಗ್ಗೆ ಬರೆಯುತ್ತಿದ್ದೇನೆ. ‘ಸ್ಕ್ರ್ಯಾಂಬ್ಲಿಂಗ್’ ಅನ್ನೋ ಪದದ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ಬೆಟ್ಟದ ನಡಿಗೆಗೆ ನಮ್ಮಲ್ಲಿ ‘ಚಾರಣ’ ಇದೆ. ಹಗ್ಗ ಕಟ್ಟಿಕೊಂಡು ಬಂಡೆ ಏರುವುದಕ್ಕೆ ‘ಶಿಲಾರೋಹಣ’ ಇದೆ. ಇವೆರಡರ ನಡುವೆ ಇನ್ನೊಂದಿದೆ. ಅಲ್ಲಿ ಕಾಲಿನ ಜೊತೆ ಕೈಯನ್ನೂ ಊರಲೇಬೇಕು, ಆದರೆ ರೂಢಿ ಇರುವವರು ಹೆಚ್ಚಾಗಿ ಹಗ್ಗವಿಲ್ಲದೆ ದಾಟುತ್ತಾರೆ. ಅದಕ್ಕೆ ಏನನ್ನಬೇಕು?

ಹಲವರು ‘ಅಡರು’ ಸೂಚಿಸಿದರು. ಒಳ್ಳೆಯ ಹಳೆಯ ಪದ, ನನಗೂ ಇಷ್ಟ. ಆದರೆ ಗ್ಲೆನ್‌ಕೋ ಕಣಿವೆಯ ಊನಖ್ ಎಗಖ್ ಮೇಲೆ ಅದು ನಿಲ್ಲುವುದಿಲ್ಲ. ಕಣಿವೆಯ ಉತ್ತರಕ್ಕೆ ಗೋಡೆಯಂತೆ ಎದ್ದಿರುವ ಬೆಟ್ಟದ ಸಾಲು ಅದು. ಸಾಮಾನ್ಯವಾಗಿ ಪೂರ್ವದ ಆಮ್ ಬೊಡಖ್ ಶಿಖರ ಹತ್ತಿ ಪಶ್ಚಿಮಕ್ಕೆ ಹೋಗುತ್ತಾರೆ. ಆ ಶಿಖರದ ತನಕ ಬರೀ ನಡಿಗೆ. ಅದನ್ನು ದಾಟಿದ ಕೂಡಲೇ ಎದುರಾಗುವ ಮೊದಲ ಕಷ್ಟದ ಜಾಗ ಏರುವುದಲ್ಲ, ಇಳಿಯುವುದು! ಬಂಡೆಗೆ ಮುಖ ಮಾಡಿ, ಎರಡೂ ಕೈಯಲ್ಲಿ ಅಂಚು ಹಿಡಿದು, ಕೆಳಗೆ ಕಾಣದ ಮೆಟ್ಟನ್ನು ಕಾಲಲ್ಲಿ ತಡಕಬೇಕು. ಎಷ್ಟೋ ಜನರ ಬೂಟು ಉಜ್ಜಿ ಆ ಕಲ್ಲು ನುಣುಪಾಗಿದೆ. ಮಳೆ ಬಿದ್ದರಂತೂ ಜಾರುತ್ತದೆ. ಇಲ್ಲಿ ‘ಅಡರಿದರು’ ಅಂತ ಬರೆದರೆ ಓದುಗರು ಮೇಲೆ ನೋಡುತ್ತಾರೆ, ಅಲ್ವಾ?

‘ತೆವಳು’ ಅಂದರೆ ಹೊಟ್ಟೆ ನೆಲಕ್ಕೆ ತಾಗುತ್ತದೆ. ‘ಅಂಬೆಗಾಲು’ ಸಮನೆಲದ್ದು. ನನಗೆ ಸದ್ಯಕ್ಕೆ ಸರಿ ಕಾಣುವುದು ‘ಕೈಯೂರಿ’ ಅನ್ನೋದು: ಕೈಯೂರಿ ಹತ್ತು, ಕೈಯೂರಿ ಇಳಿ, ಕೈಯೂರಿ ದಾಟು. ಏರಿಗೂ ಇಳಿಜಾರಿಗೂ ಹೊಂದುತ್ತದೆ. ಹಾದಿಯ ಹೆಸರಾಗಿ ‘ಕೈಯೂರು ಹಾದಿ’ ಅನ್ನಬಹುದು. ಬ್ರಿಟನ್ನಿನಲ್ಲಿ ಇಂಥ ಹಾದಿಗಳಿಗೆ ಕಷ್ಟ ಹೆಚ್ಚಿದಂತೆ 1, 2, 3 ಅಂತ ದರ್ಜೆ ಕೊಡುತ್ತಾರೆ. ಊನಖ್ ಎಗಖ್ ಎರಡನೇ ದರ್ಜೆಯದು. ‘ಎರಡನೇ ದರ್ಜೆಯ ಕೈಯೂರು ಹಾದಿ’ ಅಂದರೆ ಕಿವಿಗೆ ಒಗ್ಗುತ್ತದೆ ಅನಿಸುತ್ತದೆ.

ಎಲ್ಲಾ ಕಲ್ಲುಬೆಟ್ಟಕ್ಕೂ ಇದನ್ನು ಅಂಟಿಸಬಾರದು. ಸ್ಕೈ ದ್ವೀಪದ ಕುಲಿನ್ ಸಾಲಿನಲ್ಲಿ 986 ಮೀಟರ್ ಎತ್ತರದ ಇನ್‌ಆಕ್ಸೆಸಿಬಲ್ ಪಿನಾಕಲ್ ಅನ್ನೋ ಬಂಡೆಶಿಖರ ಇದೆ. 1880ರಲ್ಲಿ ಪಿಲ್ಕಿಂಗ್ಟನ್ ಸಹೋದರರು ಅದನ್ನು ಮೊದಲು ಏರಿದರು. ಅದು ನಿಜವಾದ ಶಿಲಾರೋಹಣ. ಈಗ ಬಹುತೇಕರು ಅಲ್ಲಿಂದ ಇಳಿಯುವುದೂ ಹಗ್ಗದ ಸಹಾಯದಿಂದಲೇ.

ಎರಡನೇ ಪ್ರಶ್ನೆ ‘ರಿಜ್’ ಬಗ್ಗೆ, ಅಂದರೆ ಬೆಟ್ಟದ ನೆತ್ತಿಯ ಉದ್ದಕ್ಕೂ ಸಾಗುವ ಅಂಚಿನ ಬಗ್ಗೆ. ‘ಶ್ರೇಣಿ’ ಅಂದರೆ ಇಡೀ ಬೆಟ್ಟಸಾಲು. ‘ಬೆನ್ನು’ ಅಗಲವಾಯಿತು. ಕೆಲವು ಕಡೆ ಒಬ್ಬರು ಕಾಲಿಡುವಷ್ಟೇ ಜಾಗ, ಎರಡೂ ಬದಿ ಪ್ರಪಾತ. ಅದಕ್ಕೆ ‘ಏಣು’ ಹೇಗೆ? ಊನಖ್ ಎಗಖ್ ಅನ್ನೋ ಗೇಲಿಕ್ ಹೆಸರಿನ ಅರ್ಥವೂ ಹತ್ತಿರದ್ದೇ. ತೆಂಗಿನ ಮರಕ್ಕೆ ಕಾಲಿಡಲು ಕಚ್ಚು ಹಾಕುತ್ತಾರಲ್ಲ, ಹಾಗೆ ಕಚ್ಚು ಕಚ್ಚಾಗಿರುವ ಏಣು ಅದು. ‘ಕಚ್ಚೇಣು’ ಅಂತ ಕೂಡಿಸಿದರೆ ಜಾಸ್ತಿ ಆಯಿತೇ?

ಒಮ್ಮೆ ಈ ಏಣಿನ ಮೇಲೆ ಹೊರಟರೆ ದಕ್ಷಿಣಕ್ಕೆ, ಅಂದರೆ ರಸ್ತೆಯ ಕಡೆಗೆ, ನಡುವೆ ಇಳಿಯಲು ಸುರಕ್ಷಿತ ದಾರಿ ಇಲ್ಲ. ರಸ್ತೆ ಕಣ್ಣೆದುರೇ ಕಾಣುತ್ತದೆ, ಆ ಇಳಿಜಾರಿನಲ್ಲಿ ಇಳಿಯಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಅದಕ್ಕೇ ಪದದ ವಿಷಯದಲ್ಲಿ ಇಷ್ಟು ಹಟ ಹಿಡಿದಿದ್ದೇನೆ. ಕನ್ನಡದಲ್ಲಿ ಓದಿದವರು ಅದನ್ನು ಸುಮ್ನೆ ಒಂದು ಚಾರಣ ಅಂದುಕೊಂಡು ಹೊರಡಬಾರದು.

ಮಧುಗಿರಿ, ರಾಮನಗರ, ಚಿತ್ರದುರ್ಗದ ಕಡೆಯವರು ದಯವಿಟ್ಟು ತಿಳಿಸಿ. ಬಂಡೆಯ ಮೇಲೆ ಕೈಯೂರಿ ಹತ್ತುವಾಗ, ಇಳಿಯುವಾಗ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಮಲೆನಾಡಿನವರ ಮಾತಿನಲ್ಲಿ ‘ಏಣು’ ಬೆಟ್ಟಕ್ಕೂ ಬಳಕೆಯಾಗುತ್ತದೆಯೇ?