ದಾಳಿಂಬೆ ಬೀಜದೆಣ್ಣೆಯ ಆಮ್ಲಕ್ಕೆ 'ಸಂಯುಕ್ತ' ಅನ್ನಬಹುದಾ? ನಾಳೆಯೇ ಬೇಕು

ಎಲ್ಲರಿಗೂ ನಮಸ್ಕಾರ. ಹಿರಿಯೂರಿನಿಂದ ಬರೆಯುತ್ತಿದ್ದೇನೆ. ದಾಳಿಂಬೆ ಬೆಳೆಗಾರರ ಸಭೆಗೆ ಒಂದು ಫ್ಲೆಕ್ಸ್ ಮಾಡಿಸಬೇಕು, ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ಬೀಜದೆಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಪ್ಯೂನಿಸಿಕ್ ಆಮ್ಲ, ಅದು ಕಾಂಜುಗೇಟೆಡ್ ಕೊಬ್ಬಿನಾಮ್ಲ, ಅಂದರೆ ಅದರ ಕಾರ್ಬನ್ ಸರಪಳಿಯಲ್ಲಿ ಡಬಲ್ ಬಾಂಡ್ (ಎರಡು ಪಟ್ಟಿನ ಬಂಧ) ಒಂದು ಬಿಟ್ಟು ಒಂದು ಬರುತ್ತದೆ. ಕರಡು ಬರೆದುಕೊಟ್ಟವರು 'ಸಂಯುಕ್ತ ಕೊಬ್ಬಿನಾಮ್ಲದ ಔಷಧಿ ಗುಣ' ಅಂತ ಹಾಕಿದ್ದಾರೆ. ಇಂಗ್ಲಿಷ್ ಮೂಲದಲ್ಲಿರುವುದು 'ಬಯಲಾಜಿಕಲ್ ಆಕ್ಟಿವಿಟಿ', ಅಂದರೆ ಜೈವಿಕ ಚಟುವಟಿಕೆ. ಎರಡೂ ತಪ್ಪು ಅನಿಸುತ್ತಿದೆ. ಏನು ಹಾಕಲಿ?

ಮರು (ದಾವಣಗೆರೆಯಿಂದ):
'ಸಂಯುಕ್ತ' ಬೇಡವೇ ಬೇಡ. ಅದು ರಸಾಯನಶಾಸ್ತ್ರದ ಕಾಂಪೌಂಡಿಗೆ ನಿಂತುಹೋದ ಪದ. ನೀರೂ ಸಂಯುಕ್ತ, ಉಪ್ಪೂ ಸಂಯುಕ್ತ. 'ಸಂಯುಗ್ಮಿತ' ಹಾಕಿ ಮೇಡಂ. ಕಾಂಜುಗೇಟೆಡ್‌ನ ಬೇರು ಲ್ಯಾಟಿನ್ನಿನ ಯುಗುಮ್, ಅಂದರೆ ನೊಗ, ಸಂಸ್ಕೃತದ ಯುಗ, ಯುಗ್ಮ ಅದರ ದಾಯಾದಿಗಳು, ಹಾಗಾಗಿ ಬೇರು ಸಮೇತ ಹೊಂದುತ್ತದೆ. ಪ್ಯೂನಿಸಿಕ್ ಅನ್ನೋದನ್ನ ಮುಟ್ಟಬೇಡಿ. ರೋಮನ್ನರು ದಾಳಿಂಬೆಯನ್ನು 'ಪ್ಯೂನಿಕ್', ಅಂದರೆ ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ಹಣ್ಣು ಅಂತ ಕರೆದರು, ಗಿಡದ ಹೆಸರು ಪ್ಯೂನಿಕಾ ಆಯಿತು, ಆಮ್ಲಕ್ಕೂ ಅದೇ ಬಂತು.

ಮರು (ಚಳ್ಳಕೆರೆಯಿಂದ):
ನೊಗ ನಮ್ಮದೇ ಪದ, ತಮಿಳಿನಲ್ಲೂ ನುಗಂ ಇದೆ. ಅದನ್ನು ಬಿಟ್ಟು ಸಂಯುಗ್ಮಿತ ಯಾಕೆ? 'ನೊಗಗಟ್ಟಿನ ಕೊಬ್ಬುಹುಳಿ' ಅನ್ನಿ. ಎಳ್ಳಿನ ನೆಯ್ಯಿಂದ ಎಣ್ಣೆ ಅನ್ನೋ ಪದ ಕಟ್ಟಿಕೊಂಡವರು ನಾವು. ಎಣ್ಣೆ ಮಿಲ್ಲುಗಳ ಊರಿನಲ್ಲಿ ಕೂತು ಹೇಳ್ತಿದ್ದೇನೆ, ಇದಕ್ಕೂ ಸಾಲ ತರಬೇಕಿಲ್ಲ.

ಮರು (ದಾವಣಗೆರೆಯಿಂದ):
ಹುಳಿ ರುಚಿಯ ಹೆಸರು. ಈ ಎಣ್ಣೆ ಹುಳಿಯಾಗಿಲ್ಲ. ದಾಳಿಂಬೆಯೂ ಸಂಸ್ಕೃತದ ದಾಡಿಮದಿಂದಲೇ ಬಂದದ್ದು, ಈಗ ನಮ್ಮದು. ಆಮ್ಲವೂ ಹಾಗೇ.

ಮರು (ಚಳ್ಳಕೆರೆಯಿಂದ):
ರೈತರಿಗೆ ಅರ್ಥವಾಗದ ಪದ ಯಾವತ್ತೂ ನಮ್ಮದಾಗಲ್ಲ ಸರ್.

ಮರು (ಹಿರಿಯೂರಿನಿಂದ):
ಇಬ್ಬರಿಗೂ ಧನ್ಯವಾದ, ಆದರೆ ನೊಗವೂ ಸರಿಹೊಂದುತ್ತಿಲ್ಲ. ನೊಗ ಎರಡು ಎತ್ತಿಗೆ. ಇಲ್ಲಿ 18 ಕಾರ್ಬನ್ನಿನ ಸರಪಳಿಯಲ್ಲಿ 9, 11, 13ನೇ ಜಾಗದಲ್ಲಿ ಮೂರು ಡಬಲ್ ಬಾಂಡ್ ಇವೆ, ನಡುವೆ ಒಂದೊಂದೇ ಒಂಟಿ ಬಂಧ. ಅಗಸೆ ಎಣ್ಣೆಯ ಲಿನೋಲೆನಿಕ್ ಆಮ್ಲದಲ್ಲೂ ಮೂರಿವೆ, ಆದರೆ 9, 12, 15ರಲ್ಲಿ, ದೂರ ದೂರ. ಮುಖ್ಯ ವ್ಯತ್ಯಾಸ ಇದು, ಅದೇ ಪದದಲ್ಲಿ ಕಾಣಬೇಕು ಅಲ್ವಾ? 'ಒಂದು ಬಿಟ್ಟು ಒಂದು ಡಬಲ್ ಬಾಂಡ್ ಇರುವ ಕೊಬ್ಬಿನಾಮ್ಲ' ಅಂತಲೇ ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ.

ಇನ್ನು 'ಔಷಧಿ ಗುಣ'. ಇದರ ಬಗ್ಗೆ ಯಾರೂ ಏನೂ ಹೇಳಲಿಲ್ಲ, ನನಗೆ ನಿಜವಾದ ಚಿಂತೆ ಇದೇ. ಲ್ಯಾಬಿನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಈ ಆಮ್ಲ ಹಾಕಿದಾಗ ಸಾಯುತ್ತವೆ, ಕೋಶದ ಕೊಬ್ಬು ಆಕ್ಸಿಡೈಸ್ ಆಗುವುದು (ಆಕ್ಸಿಜನ್ ಸೇರಿ ಕೆಡುವುದು) ಅದಕ್ಕೆ ಒಂದು ಕಾರಣ. ಇಲಿಗೆ ತಿನ್ನಿಸಿದರೆ ಮೈಯೊಳಗೆ ಹಾಲಿನ ಕೊಬ್ಬಿನಲ್ಲಿರುವಂಥ ಕಾಂಜುಗೇಟೆಡ್ ಲಿನೋಲಿಯಿಕ್ ಆಮ್ಲವಾಗಿ ಬದಲಾಗುತ್ತದೆ. ಇದು ಚಟುವಟಿಕೆ, ಔಷಧಿ ಅಲ್ಲ. ಸುಮ್ನೆ 'ಔಷಧಿ' ಅಂತ ಫ್ಲೆಕ್ಸಿನಲ್ಲಿ ಹಾಕಿದರೆ ಯಾರಾದರೂ ಮಾತ್ರೆ ಬಿಟ್ಟು ಎಣ್ಣೆ ಕುಡಿಯುತ್ತಾರೆ. 'ಜೀವಕೋಶಗಳ ಮೇಲಿನ ಪರಿಣಾಮ' ಅಂತ ಹಾಕುತ್ತೇನೆ. ಡಬಲ್ ಬಾಂಡಿಗೆ ದ್ವಿಬಂಧವೋ ಜೋಡಿಬಂಧವೋ, ಅದೊಂದು ಬೇಗ ಹೇಳಿ.

ಮರು (ದಾವಣಗೆರೆಯಿಂದ):
ದ್ವಿಬಂಧ. ಹೈಸ್ಕೂಲು ಮಕ್ಕಳಿಗೂ ಗೊತ್ತಿರುವ ಪದ.

ಮರು (ಚಳ್ಳಕೆರೆಯಿಂದ):
ಜೋಡಿಬಂಧ. 'ಔಷಧಿ' ತೆಗೆದದ್ದು ಒಳ್ಳೆಯದಾಯಿತು ತಂಗಿ.