ಅಪ್‌ಡೇಟ್: ಆನ್ಸಾ ಹಾದಿ ನೋಡಿ ಬಂದೆವು

ಸ್ಪೇನ್ ಕಾಲದಲ್ಲಿ ಸೇನಾಧಿಕಾರಿ ಹುವಾನ್ ಬೌಟಿಸ್ಟಾ ಡಿ ಆನ್ಸಾ ವಲಸಿಗರನ್ನು ಕ್ಯಾಲಿಫೋರ್ನಿಯಾಗೆ ಕರೆದೊಯ್ದ ಹಾದಿಯನ್ನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ. ಅರಿಜೋನಾದ ಟುಬಾಕ್‌ನಲ್ಲಿ ಸ್ವಲ್ಪ ನಡೆಯಿರಿ, ಉಳಿದದ್ದು ಕಾರಿನಲ್ಲಿ ಸಾಕು ಅಂದಿದ್ದಿರಿ. ಹಾಗೇ ಮಾಡಿದೆವು. ತುಂಬಾ ಥ್ಯಾಂಕ್ಸ್.

ಟುಬಾಕ್‌ನಿಂದ ಟುಮಾಕಾಕೊರಿಗೆ ಸಾಂತಾ ಕ್ರೂಜ್ ನದಿಯ ಪಕ್ಕದಲ್ಲೇ ಕಾಲುದಾರಿ, ಸುಮಾರು 4 ಮೈಲಿ. ಕಾಟನ್‌ವುಡ್ ಮರಗಳ ನೆರಳು, ಕಾಲಡಿ ಸಡಿಲ ಮರಳು. ಕೊನೆಗೆ ಮಣ್ಣಿನ ಇಟ್ಟಿಗೆಯ ಹಳೆ ಚರ್ಚ್ ಕಾಣುತ್ತದೆ.

1775ರ ಅಕ್ಟೋಬರ್ 23ರಂದು ಆನ್ಸಾನ ಜೊತೆ 240ಕ್ಕೂ ಹೆಚ್ಚು ಜನ ಟುಬಾಕ್‌ನಿಂದ ಹೊರಟರು. ಸೈನಿಕರ ಜೊತೆ ಹೆಂಡತಿ, ಮಕ್ಕಳು, ಸಾವಿರದಷ್ಟು ದನ, ಕುದುರೆ, ಹೇಸರಗತ್ತೆ. ಮೊದಲ ರಾತ್ರಿಯೇ ಮನುವೆಲಾ ಪಿನ್ಯುವೆಲಾಸ್ ಹೆರಿಗೆಯಾಗಿ ತೀರಿಕೊಂಡರು. ಕ್ಯಾಲಿಫೋರ್ನಿಯಾದ ಮಾಂಟೆರೇ ತಲುಪುವವರೆಗೆ ದಾರಿಯಲ್ಲಿ ಆದ ಸಾವು ಅದೊಂದೇ. ಅವರನ್ನು ಮಣ್ಣು ಮಾಡಿದ ಸ್ಯಾನ್ ಹವಿಯೆರ್ ಡೆಲ್ ಬಾಕ್ ಚರ್ಚ್‌ಗೂ ಹೋಗಿದ್ದೆವು. ಅಲ್ಲಿ ಮಾತೇ ಹೊರಡಲಿಲ್ಲ.

ನನಗೆ ಜಾಸ್ತಿ ಕಾಡಿದ್ದು ಕೊಲರಾಡೋ ನದಿ ದಂಡೆಯ ಯೂಮಾ ಊರು. ನದಿ ದಾಟಲು ಆನ್ಸಾನ ತಂಡಕ್ಕೆ ನೆರವಾದವರು ಅಲ್ಲಿನ ಮೂಲನಿವಾಸಿಗಳಾದ ಕ್ವೆಚಾನ್ ಜನ. ಆಮೇಲೆ ಬಂದು ನೆಲೆಸಿದ ಸ್ಪೇನಿನವರು ಅವರ ಹೊಲಗಳಿಗೇ ದನ ಬಿಟ್ಟರು. 1781ರಲ್ಲಿ ಕ್ವೆಚಾನರು ತಿರುಗಿ ಬಿದ್ದರು, ಹಾದಿ ಮುಚ್ಚಿಹೋಯಿತು. ಆನ್ಸಾನ ಕಥೆ ಹೇಳುವಾಗ ಇದನ್ನು ಬಿಡಬಾರದು ಅಲ್ವಾ?

ಹೋಗುವವರು ಬೇಸಿಗೆಯಲ್ಲಿ ಮಾತ್ರ ಹೋಗಬೇಡಿ, ಬಿಸಿಲು ವಿಪರೀತ. ನಾವು ಮುಂದಿನ ಚಳಿಗಾಲಕ್ಕೆ ಕ್ಯಾಲಿಫೋರ್ನಿಯಾದ ಆನ್ಸಾ-ಬೊರೆಗೊ ಮರುಭೂಮಿಯ ಕಡೆ ಹೊರಡುತ್ತೇವೆ.