ಹುತ್ತರಿಯ ಈಡು, ಎರಡು ಕೋವಿಯ ಲೆಕ್ಕ

ಗುಂಪು: ಬಿ.ಎಸ್ಸಿ. 1996 ಗೆಳೆಯರು

ತಿಮ್ಮಯ್ಯ, 7:04
(ಫಾರ್ವರ್ಡ್ ಆದದ್ದು) ಕೋವಿ ಇರುವವರೇ ಎಚ್ಚರ! ಕೇಂದ್ರದ ಕಾನೂನಿನಂತೆ ಮೂರನೇ ಕೋವಿ ಸರ್ಕಾರದ ಪಾಲು. ಸುಗ್ಗಿ ಹಬ್ಬವಾದ ಹುತ್ತರಿಗೆ ಒಂದು ಈಡು (ಗುಂಡು) ಹೊಡೆದರೂ 2 ವರ್ಷ ಜೈಲು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡಗಿನ ವಿನಾಯಿತಿ 2029ಕ್ಕೆ ಮುಗಿಯುತ್ತದೆ. 10 ಗುಂಪಿಗೆ ಕಳಿಸಿ.

ಪ್ರಕಾಶ, 7:11
ಮೂರನೇ ಕೋವಿ ಮಾತು ಹಳೇದು ಮಾರಾಯ. 2019ರ ಡಿಸೆಂಬರ್‌ನಲ್ಲೇ ಆಯುಧ ಕಾಯ್ದೆಗೆ ತಿದ್ದುಪಡಿ ಆಗಿದೆ. ಮೊದಲು 3 ಇಟ್ಕೊಳ್ಬಹುದಿತ್ತು. ಮಸೂದೆಯಲ್ಲಿ 1 ಅಂತ ಬರೆದಿದ್ರು, ವಿರೋಧ ಬಂದ ಮೇಲೆ 2 ಮಾಡಿದ್ರು. ಹೆಚ್ಚಿಗೆ ಇರೋದನ್ನ ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕಿತ್ತು. ಆ ಗಡುವು ಮುಗಿದು ಎಷ್ಟೋ ಕಾಲ ಆಯ್ತು. ಅದೇ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ 3 ವರ್ಷದಿಂದ 5ಕ್ಕೆ ಏರಿತು. ಅದನ್ನ ಯಾವ ಫಾರ್ವರ್ಡೂ ಹೇಳೋದಿಲ್ಲ.

ತಿಮ್ಮಯ್ಯ, 7:16
ಅವಧಿ ಏರಿದ್ದು ಒಳ್ಳೇದೇ, ಒಪ್ಪಿದೆ. ಆದ್ರೆ ಎಣಿಸಿದ್ದು ಯಾರ ಮನೆ ಕೋವಿ ಹೇಳು? ತಹಸೀಲ್ದಾರ್, ಠಾಣೆ, ಡಿಸಿ ಕಚೇರಿ ಮೂರೂ ಕಡೆ ಹೆಸರು ಇರುವವನದ್ದು. ಕಾಡಿನಂಚಲ್ಲಿ ಕಡವೆ ಹೊಡೆಯುವವನ ನಾಡಬಂದೂಕು ಯಾವ ರಿಜಿಸ್ಟರಲ್ಲೂ ಇಲ್ಲ. ಅವನಿಗೆ 2 ಆದರೇನು, 20 ಆದರೇನು?

ಪೊನ್ನಮ್ಮ, 7:23
ನೋಂದಣಿ ಇಲ್ಲದ ಕೋವಿಗೂ ಅದೇ ತಿದ್ದುಪಡಿಯಲ್ಲಿ ಶಿಕ್ಷೆ ಏರಿಸಿದ್ದಾರೆ ತಿಮ್ಮಯ್ಯ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಮೊದಲು 1ರಿಂದ 3 ವರ್ಷ ಇತ್ತು, ಈಗ 2ರಿಂದ 5. ಹಿಡಿಯುತ್ತಾರೋ ಇಲ್ಲವೋ ಅನ್ನೋದು ಬೇರೆ ಜಗಳ, ಅದರಲ್ಲಿ ನಾನು ನಿನ್ನ ಪರ.

ಹುತ್ತರಿ ಸಾಲು ಮಾತ್ರ ತಪ್ಪು. ಅದು 25ನೇ ಕಲಮಿನ 9ನೇ ಉಪಕಲಮು. ಅಜಾಗರೂಕತೆಯಿಂದ ಹೊಡೆದರೆ, ಇಲ್ಲವೇ ಸಂಭ್ರಮಕ್ಕೆ ಹೊಡೆದರೆ, ಅದರಿಂದ ಬೇರೆಯವರ ಜೀವಕ್ಕೋ ಸುರಕ್ಷತೆಗೋ ಅಪಾಯ ಆಗುವಂತಿದ್ದರೆ, 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. 'ಅಪಾಯ ಆಗುವಂತಿದ್ದರೆ' ಅನ್ನೋದನ್ನ ನುಂಗಿಬಿಟ್ಟು ಈ ಫಾರ್ವರ್ಡ್ ಬರೆದಿದ್ದಾರೆ.

ತಿಮ್ಮಯ್ಯ, 7:27
ಅಪಾಯ ಆಯ್ತೋ ಇಲ್ವೋ ಅಂತ ಗದ್ದೆ ಬದುವಿನಲ್ಲಿ ನಿಂತು ತೀರ್ಮಾನ ಮಾಡೋದು ಯಾರು? ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಅದನ್ನ ಕೇಳಿಯೇ ಊರು ಸೇರೋದು. ಮದುವೆ ಮಂಟಪದಲ್ಲಿ ಪಿಸ್ತೂಲು ಎತ್ತಿ ಸೂರಿಗೆ ಹೊಡೆಯುವವರನ್ನ ನೋಡಿ ಬರೆದ ಕಲಮು ಇದು. ನಮ್ಮ ಮೇಲೂ ಬೀಳ್ತದೆ.

ಪೊನ್ನಮ್ಮ, 7:35
ಬೀಳದಂತೆ ಹೊಡೆಯೋ ಕ್ರಮ ಹಿರಿಯರಿಗೆ ಗೊತ್ತಿತ್ತು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಬರೀ ಮದ್ದು ಮತ್ತು ನಾರು, ಚರೆ (ಸೀಸದ ಕಾಳು) ಇಲ್ಲ. ಸದ್ದಿಗೆ ಅಷ್ಟು ಸಾಕು. ಹಾಗಿದ್ದರೂ ಬಾಯಿಯ ಎದುರು ಯಾರೂ ನಿಲ್ಲಬಾರದು, ಉರಿಯುವ ನಾರು ಹತ್ತಾರು ಅಡಿ ಹಾರ್ತದೆ. ತೋಟಾ ಕೋವಿಯಾದರೆ 6 ನಂಬರಿನ ಸಣ್ಣ ಚರೆ, ಹಿಂದೆ ಮಣ್ಣಿನ ಬರೆ (ದಿಬ್ಬ) ಇರುವ ಕಡೆಗೆ. 6 ನಂಬರು ಸುಮಾರು 200 ಮೀಟರ್ ಹೋಗಿ ಬಲ ಕಳ್ಕೊಳ್ತದೆ. ದಪ್ಪ ಚರೆಯ ಎಲ್‌ಜಿ ತೋಟಾ ಹಾಕಿದರೆ 500 ಮೀಟರ್ ದಾಟ್ತದೆ, ತೋಟದ ಕೆಲಸದವರ ಲೈನ್‌ಮನೆ ಅಷ್ಟೇ ದೂರ ಇರ್ತದೆ. ರೈಫಲ್ಲನ್ನ ಆಕಾಶಕ್ಕೆ ಹೊಡೆಯಲೇಬಾರದು, ಗುಂಡು ಕಿಲೋಮೀಟರ್‌ಗಟ್ಟಲೆ ಹೋಗಿ ಬೀಳ್ತದೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲೂ ಕಾಯಿಯ ಹಿಂದೆ ಮಣ್ಣು ಇರಬೇಕು.

ಪ್ರಕಾಶ, 7:41
ಇನ್ನೊಂದು. ಕೋವಿ ವಿನಾಯಿತಿಯೋ ಲೈಸೆನ್ಸೋ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿ ಇದೆ ಅಂತಲ್ಲ. ಬೆಳೆ ರಕ್ಷಣೆ ಅಂತ ಲೈಸೆನ್ಸಲ್ಲಿ ಬರೆದಿದ್ದರೂ ಹಂದಿ ಹೊಡೆಯೋಕೆ 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ ಬೇರೆ ಅನುಮತಿ ಬೇಕು. ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಜನ ಎಡವೋದು ಇಲ್ಲೇ.

ಸಲೀಂ, 7:48
ನನ್ನ ತಕರಾರು ಬೇರೆ. ಲೈಸೆನ್ಸು, ಸಂಖ್ಯೆ ಎಲ್ಲ ಸರಿ. ಚುನಾವಣೆ ಬಂದಾಗ ಎಲ್ಲರ ಕೋವಿಯನ್ನೂ ಒಟ್ಟಿಗೆ ಠಾಣೆಗೆ ತನ್ನಿ ಅಂತಾರಲ್ಲ, ಅದು ಚುನಾವಣಾ ಆಯೋಗ ಹೇಳಿದ್ದಲ್ಲ. ಸಮಿತಿ ಕೂತು ಒಬ್ಬೊಬ್ಬರ ಕಡತ ನೋಡಬೇಕು. ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆ ಇರುವವರು, ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರದ್ದು ತರಿಸಬೇಕು. ಫಲಿತಾಂಶ ಬಂದು ಒಂದು ವಾರದೊಳಗೆ ವಾಪಸ್ ಕೊಡಬೇಕು. ಪದ್ಧತಿಯಿಂದ ಆಯುಧ ಹಿಡಿಯುವ ಸಮುದಾಯಗಳಿಗೆ ನಿಷೇಧ ಇಲ್ಲ ಅಂತಲೂ ಅದೇ ಸೂಚನೆಯಲ್ಲಿದೆ. ಎಲ್ಲರದ್ದೂ ಕೇಳಿದರೆ ಲಿಖಿತ ನೋಟಿಸ್ ಕೇಳಿ. ಸಮಿತಿ ತೀರ್ಮಾನದ ದಿನಾಂಕ ಅದರಲ್ಲಿ ಇರಬೇಕು.

ತಿಮ್ಮಯ್ಯ, 7:52
ಇದು ಸರಿಯಾದ ಮಾತು. ಠಾಣೆ ಸ್ಟೋರಿನಲ್ಲಿ ಎರಡು ತಿಂಗಳು ಇಟ್ಟ ನಳಿಗೆ ವಾಪಸ್ ಬರುವಾಗ ಒಳಗೆಲ್ಲ ಕೆಂಪು.

ಸಲೀಂ, 8:01
ಕೊಡಲೇಬೇಕಾದರೆ ಹೀಗೆ ಮಾಡಿ. ಮೊದಲು ಖಾಲಿ ಇದೆಯಾ ನೋಡಿ. ಕೇಪಿನ ಕೋವಿಯಲ್ಲಿ ಕಣ್ಣಿಗೆ ಕಾಣೋದಿಲ್ಲ. ಗಜವನ್ನ (ಮದ್ದು ಗಿಡಿಯುವ ಸಲಾಕೆ) ನಳಿಗೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಬೆರಳಲ್ಲಿ ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕ ಇಡಿ. ತುದಿ ಕೇಪು ಕೂರುವ ಜಾಗದ ಹತ್ತಿರ ಬರಬೇಕು. ಮೂರ್ನಾಲ್ಕು ಬೆರಳು ಕಡಿಮೆ ಬಂದರೆ ಒಳಗೆ ಹಳೇ ಈಡು ಇದೆ ಅಂತ ಲೆಕ್ಕ.

ಆಮೇಲೆ ಕರಿಮದ್ದಿನ ಮಸಿಯನ್ನ ಬಿಸಿನೀರಲ್ಲಿ ತೊಳೀರಿ. ಅದು ಗಾಳಿಯ ತೇವ ಹೀರ್ತದೆ, ಮಸಿಯ ಮೇಲೇ ಎಣ್ಣೆ ಹಚ್ಚಿದರೆ ತುಕ್ಕು ಎಣ್ಣೆಯಡಿಯಲ್ಲೇ ಬೆಳೀತದೆ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ. ರೆಕ್ಸಿನ್ ಚೀಲ ಬೇಡ, ಎಣ್ಣೆ ಸವರಿದ ಹತ್ತಿಬಟ್ಟೆ ಸುತ್ತಿ. ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಮರದ ಹಿಡಿ ಮೆತ್ತಗಾಗ್ತದೆ. ರಸೀದಿಯಲ್ಲಿ ನಂಬರು, ಬೋರು, ಒಂಟಿ ನಳಿಗೆಯೋ ಜೋಡುನಳಿಗೆಯೋ, ಎಲ್ಲ ಬರೆಸಿ. ನಂಬರಿನ ಫೋಟೋ ಮನೇಲಿ ಇರಲಿ.

ಪೊನ್ನಮ್ಮ, 8:06
ತುಕ್ಕು ತೆಗೆಯುವಾಗ ನಂಬರಿನ ಮೇಲೆ ಉಪ್ಪುಕಾಗದ ಹಾಕಬೇಡಿ, ದಯವಿಟ್ಟು. ಗುರುತು ಅಳಿಸೋದೂ, ಗುರುತಿಲ್ಲದ ಕೋವಿ ಇಟ್ಕೊಳ್ಳೋದೂ 8ನೇ ಕಲಮಿನಲ್ಲಿ ನಿಷಿದ್ಧ. ಅಕ್ಷರ ಸವೆದಿದ್ದರೆ ನವೀಕರಣಕ್ಕೆ ಮುಂಚೆ ಕಚೇರಿಗೆ ಬರೆದು ತಿಳಿಸಿ.

ಪ್ರಕಾಶ, 8:10
ಹಿರಿಯರ ಕೋವಿ ಇರುವವರು ಇನ್ನೊಂದು ಗಮನಿಸಿ. 2016ರ ನಿಯಮದಲ್ಲಿ ಲೈಸೆನ್ಸುದಾರ ಸಾಯುವ ತನಕ ಕಾಯಬೇಕಿಲ್ಲ. 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಹೆಸರಲ್ಲಿದ್ದರೆ, ವಾರಸುದಾರ ಅರ್ಜಿ ಹಾಕಬಹುದು. ಆದರೆ ವಾರಸಿನದ್ದೂ ಆ 2ರ ಲೆಕ್ಕದೊಳಗೇ. ಎರಡು ಇಟ್ಕೊಂಡಿರುವ ಮಗನ ಹೆಸರಿಗೆ ಬರೆಸೋಕೆ ಹೋದರೆ ಅರ್ಜಿ ಬಿದ್ದುಹೋಗ್ತದೆ, ಇನ್ನೊಬ್ಬ ಮಗ ಅಥವಾ ಮಗಳ ಹೆಸರು ಹಾಕಿ.

ತಿಮ್ಮಯ್ಯ, 8:19
ಸರಿ. ಮೂರನೇ ಕೋವಿ ಸಾಲೂ ಹುತ್ತರಿ ಸಾಲೂ ತೆಗೀತೀನಿ. 2029ರದ್ದು ತೆಗೆಯೋದಿಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಕಬ್ಬನ್ ಕೊಟ್ಟಿದ್ದು, 1963ರಲ್ಲಿ ಕೇಂದ್ರ ಒಪ್ಪಿದ್ದು, ಈಗ 2019ರ ಅಕ್ಟೋಬರಿನ ಆದೇಶದಲ್ಲಿ 10 ವರ್ಷ ಅಂತ ಗಡಿ ಕಟ್ಟಿದೆ. ಸಂಸತ್ತಿಗೆ ಹೋಗದೆ ಒಂದು ಅಧಿಸೂಚನೆಯಲ್ಲೇ ನಿಲ್ಲಿಸಬಹುದಾದ್ದನ್ನ ನಂಬಿ ಕೂರೋದು ಹೇಗೆ?

ಪೊನ್ನಮ್ಮ, 8:27
ಈ ಸಂಶಯ ನ್ಯಾಯವಾದದ್ದೇ. 2021ರ ಸೆಪ್ಟೆಂಬರಲ್ಲಿ ಹೈಕೋರ್ಟ್ ವಿನಾಯಿತಿ ಎತ್ತಿಹಿಡಿದಾಗಲೂ ಅದು ಅವಧಿಗೆ ಸೀಮಿತ ಅನ್ನೋದನ್ನ ಗಮನಿಸಿತ್ತು. ಹಾಗಾಗಿ ಮುಂದಿನ ವಿಸ್ತರಣೆ ಕೇಳುವಾಗ ಸಮುದಾಯದ ಹೆಮ್ಮೆಯ ಮಾತು ಒಂದೇ ಸಾಲದು. ವಿನಾಯಿತಿ ಪತ್ರ ಎಷ್ಟು, ಅದರಲ್ಲಿ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರದ್ದು ಎಷ್ಟು, ದುರ್ಬಳಕೆಯ ಪ್ರಕರಣ ಎಷ್ಟು ಅಂತ ತಾಲ್ಲೂಕುವಾರು ಮಾಹಿತಿ ಹಕ್ಕಿನಲ್ಲಿ ಡಿಸಿ ಕಚೇರಿಯಿಂದ ತರಿಸಬೇಕು. ಅರ್ಜಿಗೆ 30 ದಿನ, ಮೇಲ್ಮನವಿಗೆ ಮತ್ತೊಂದಷ್ಟು. ತಿಮ್ಮಯ್ಯ, ಮೂರೂ ಪ್ರಶ್ನೆ ಬೇರೆಬೇರೆ ಅರ್ಜಿಯಾಗಲಿ. ಒಂದೇ ಕಾಗದದಲ್ಲಿ ಹಾಕಿದರೆ ಒಂದಕ್ಕೆ ಉತ್ತರ ಕೊಟ್ಟು ಮುಗಿಸಿಬಿಡ್ತಾರೆ.

ತಿಮ್ಮಯ್ಯ, 8:31
ಕರಡು ಇವತ್ತೇ ಬರೀತೀನಿ, ನೀನೊಮ್ಮೆ ತಿದ್ದಿಕೊಡು.